ಗೆರೆ ಹಾಕುವವರ ಆಟ

ಎಲ್ಲರಿಗೂ ನಮಸ್ಕಾರ. ಈ ಗ್ರಂಥಾಲಯದ ಮೆಟ್ಟಿಲಲ್ಲಿ ಕೂತು ಕಬಡ್ಡಿ ಬಗ್ಗೆ ಗಂಟೆಗಟ್ಟಲೆ ವಾದ ಮಾಡಿ ಬೆಳೆದವನು ನಾನು. ಇವತ್ತು ಇದೇ ಜಾಗದಲ್ಲಿ ಮೈಕ್ ಮುಂದೆ ನಿಂತಿದ್ದೇನೆ, ತುಂಬಾ ಸಂತೋಷ. ವಿಷಯ ರಗ್ಬಿ. ಕಾರ್ಯದರ್ಶಿಯವರಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವರು ಕೇಳಿದರು, "ಪೆರ್ಲದಲ್ಲಿ ರಗ್ಬಿ ಕಥೆ ಯಾರಿಗೆ ಬೇಕು ಮಾರಾಯ್ರೆ?" ಅಂತ. ಪ್ರಶ್ನೆ ಸರಿಯಾದದ್ದೇ. ಇಲ್ಲಿ ಯಾರೂ ಅದನ್ನು ಆಡುವುದಿಲ್ಲ. ಟಿವಿಯಲ್ಲಿ ಬಂದರೂ ಚಾನೆಲ್ ಬದಲಿಸುತ್ತೇವೆ. ಆದರೆ ನಾನು ಹೇಳಬೇಕು ಅಂದುಕೊಂಡದ್ದು ಆ ಆಟದ ಹಿಂದೆ ನಿಂತವರ ಬಗ್ಗೆ. ಬೂಟು ಹೊಲಿಯುವವನು, ಮಾಂಸದ ಅಂಗಡಿ ಹುಡುಗ, ಗಣಿ ಕೂಲಿ, ಒಬ್ಬಳು ಅಜ್ಜಿ, ಶಾಲೆ ಮೇಷ್ಟ್ರು. ಇವರನ್ನೆಲ್ಲ ನಾವು ಬಲ್ಲೆವು, ಊರು ಮಾತ್ರ ಬೇರೆ.

ನಾನು 2009ರಿಂದ 11 ವರ್ಷ ದುಬೈಯಲ್ಲಿದ್ದೆ ಅಂತ ನಿಮಗೆ ಗೊತ್ತು. ಶಾಮಿಯಾನ, ಕುರ್ಚಿ, ತಾತ್ಕಾಲಿಕ ಬೇಲಿ ಹಾಕುವ ಕಂಪನಿಯಲ್ಲಿ ಕೆಲಸ. ಡಿಸೆಂಬರ್ ಹತ್ತಿರ ಬಂತು ಅಂದರೆ ಅಲ್ ಐನ್ ರಸ್ತೆಯ ಸೆವೆನ್ಸ್ ಸ್ಟೇಡಿಯಂನಲ್ಲಿ ನಮಗೆ ಹಗಲು ರಾತ್ರಿ ಕೆಲಸ. ಅಲ್ಲಿ ನಡೆಯುವುದು ದುಬೈ ಸೆವೆನ್ಸ್, 1970ರಲ್ಲಿ ಶುರುವಾದ ರಗ್ಬಿ ಹಬ್ಬ. ನಡುವಿನ ದೊಡ್ಡ ಮೈದಾನದಲ್ಲಿ ಬೇರೆ ಬೇರೆ ದೇಶದ ಟೀಮುಗಳು, ಸುತ್ತಲಿನ ಮೈದಾನಗಳಲ್ಲಿ ಶಾಲೆ ಮಕ್ಕಳು, ಹೆಂಗಸರು, ಆಫೀಸಿನವರು, ತಲೆ ನರೆತವರು. ಎಲ್ಲ ಒಂದೇ ಬೇಲಿಯೊಳಗೆ. ಮೊದಲ ವರ್ಷ, ಬೆಳಿಗ್ಗೆ ಆರು ಗಂಟೆ, ನಾವು ಬೇಲಿಯ ಕಂಬ ಇಳಿಸುತ್ತಾ ಇದ್ದೆವು. ಸುಮಾರು ಅರುವತ್ತು ವರ್ಷದ ಒಬ್ಬ ಬಿಳಿಯ ಮನುಷ್ಯ ಗೆರೆ ಹಾಕುವ ಗಾಡಿ ತಳ್ಳುತ್ತಾ ಒಬ್ಬನೇ ನಡೆಯುತ್ತಿದ್ದ. ಒಂದು ತುದಿಯಿಂದ ಇನ್ನೊಂದು ತುದಿಗೆ ಹಗ್ಗ ಎಳೆದು ಕಟ್ಟಿದ್ದ. ಹತ್ತು ಹೆಜ್ಜೆಗೊಮ್ಮೆ ನಿಂತು ಬಗ್ಗಿ ಒಂದು ಕಣ್ಣು ಮುಚ್ಚಿ ಗೆರೆ ಸೊಟ್ಟ ಆಯಿತಾ ಅಂತ ನೋಡುತ್ತಿದ್ದ. ನಾನು ಅವನನ್ನು ಮೈದಾನದ ಕೆಲಸದವನು ಅಂದುಕೊಂಡೆ. ಹತ್ತು ಗಂಟೆಗೆ ನೋಡಿದರೆ ಅದೇ ಮನುಷ್ಯ ಜರ್ಸಿ ಹಾಕಿ ಹಿರಿಯರ ಟೀಮಿನಲ್ಲಿ ಆಡುತ್ತಿದ್ದಾನೆ. ಸಂಜೆ ಸೀಟಿ ಹಿಡಿದು ಹತ್ತು ವರ್ಷದ ಮಕ್ಕಳಿಗೆ ರೆಫ್ರಿ. ಮಾರನೆ ದಿನ ಕೇಳಿದೆ. ತೈಲ ಕಂಪನಿಯಲ್ಲಿ ಇಂಜಿನಿಯರ್ ಅಂತೆ, ಇಪ್ಪತ್ತು ವರ್ಷದಿಂದ ಗೆರೆ ಹಾಕುವುದು ಅವನೇ ಅಂತೆ. ಸಂಬಳ ಇಲ್ಲ, ಮಧ್ಯಾಹ್ನ ಒಂದು ಊಟ.

ಆ ಕ್ಷಣಕ್ಕೆ ನನಗೆ ನೆನಪಾದದ್ದು ನನ್ನ ಅಣ್ಣ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಈ ಚೆಂಡು ನೋಡಿ. ದುಬೈಯಿಂದ ತಂದದ್ದು. ಕೈಯಿಂದ ಕೈಗೆ ಕೊಡಿ, ಹಿಂದಿನ ಸಾಲಿಗೂ ಹೋಗಲಿ. ನೆಲಕ್ಕೆ ಹಾಕಿದರೆ ಎತ್ತ ಪುಟಿಯುತ್ತದೆ ಅಂತ ಯಾರಿಗೂ ಹೇಳಲಿಕ್ಕೆ ಆಗುವುದಿಲ್ಲ. ಆಟ ಕೇಳಲಿಕ್ಕೆ ಕಷ್ಟ ಇಲ್ಲ. ಚೆಂಡು ಹಿಡಿದು ಮುಂದೆ ಓಡಬಹುದು, ಆದರೆ ಕೈಯಿಂದ ಪಾಸ್ ಕೊಡುವುದಾದರೆ ಮುಂದಕ್ಕೆ ಎಸೆಯುವ ಹಾಗಿಲ್ಲ, ಪಕ್ಕಕ್ಕೆ ಅಥವಾ ಹಿಂದಕ್ಕೇ ಕೊಡಬೇಕು. ಎದುರಿನವರು ಸೊಂಟ ಹಿಡಿದು ಬೀಳಿಸುತ್ತಾರೆ, ಅದು ಟ್ಯಾಕಲ್. ಕಬಡ್ಡಿಯ ಕಾಲು ಹಿಡಿತ, ಸೊಂಟ ಹಿಡಿತ ನೋಡಿದವರಿಗೆ ಇದು ಹೊಸತಲ್ಲ. ಎದುರಿನವರ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದಕ್ಕೆ 'ಟ್ರೈ' ಅಂತ ಹೆಸರು. ಈಗ ಅದಕ್ಕೆ 5 ಪಾಯಿಂಟ್. ಹಿಂದಿನ ಕಾಲದಲ್ಲಿ ಅದಕ್ಕೆ ಪಾಯಿಂಟೇ ಇರಲಿಲ್ಲ. ಕಂಬಗಳ ನಡುವೆ ಚೆಂಡು ಒದೆಯಲು ಒಂದು ಅವಕಾಶ ಸಿಗುತ್ತಿತ್ತು, ಒಂದು ಪ್ರಯತ್ನ. ಅದರಿಂದಲೇ ಟ್ರೈ.

ಈ ಚೆಂಡಿಗೆ ಈ ಆಕಾರ ಯಾಕೆ? ಇಂಗ್ಲೆಂಡ್‌ನ ರಗ್ಬಿ ಅನ್ನುವ ಊರಿನಲ್ಲಿ, ದೊಡ್ಡ ಶಾಲೆಯ ಎದುರಿಗೇ, ರಿಚರ್ಡ್ ಲಿಂಡನ್ ಅನ್ನುವ ಬೂಟು ಹೊಲಿಯುವವನ ಅಂಗಡಿ ಇತ್ತು. ಶಾಲೆ ಹುಡುಗರಿಗೆ ಬೂಟು ಮಾಡುತ್ತಿದ್ದವನ ಹತ್ತಿರ ಅವರು ಚೆಂಡನ್ನೂ ಮಾಡಿಸಿಕೊಂಡರು. ಆಗಿನ ಚೆಂಡು ಅಂದರೆ ಒಳಗೆ ಹಂದಿಯ ಮೂತ್ರಕೋಶ, ಹೊರಗೆ ಚರ್ಮ. ಮೂತ್ರಕೋಶದ ಆಕಾರವೇ ಚೆಂಡಿನ ಆಕಾರ. ಅದಕ್ಕೆ ಗಾಳಿ ತುಂಬಬೇಕು, ಪಂಪ್ ಇಲ್ಲ, ಮಣ್ಣಿನ ಪೈಪಿನ ಕೊಳವೆ ಇಟ್ಟು ಬಾಯಿಯಿಂದ ಊದಬೇಕು. ಆ ಹಸಿ ಮೂತ್ರಕೋಶಗಳನ್ನು ದಿನವೂ ಊದುತ್ತಿದ್ದವಳು ಅವನ ಹೆಂಡತಿ ರೆಬೆಕ್ಕಾ. 17 ಮಕ್ಕಳ ತಾಯಿ. ರೋಗ ಬಂದ ಹಂದಿಗಳ ಮೂತ್ರಕೋಶ ಊದಿ ಊದಿಯೇ ಅವಳಿಗೆ ಕಾಯಿಲೆ ಹತ್ತಿ ತೀರಿಕೊಂಡಳು ಅಂತ ಆ ಊರಿನವರು ಇಂದಿಗೂ ಹೇಳುತ್ತಾರೆ. ಲಿಂಡನ್ ಆಮೇಲೆ ಮೂತ್ರಕೋಶವನ್ನೇ ಬಿಟ್ಟ. 1862ರ ಸುಮಾರಿಗೆ ಅದರ ಬದಲು ರಬ್ಬರ್ ಚೀಲ ಮಾಡಿದ. ರಬ್ಬರ್ ಗಟ್ಟಿ, ಬಾಯಿಯಿಂದ ಊದಲು ಆಗಲಿಲ್ಲ. ಕಿವಿ ತೊಳೆಯುವ ಸಿರಿಂಜ್ ನೋಡಿ ಅದೇ ಮಾದರಿಯಲ್ಲಿ ಹಿತ್ತಾಳೆಯ ಪಂಪ್ ಮಾಡಿದ. ಪೇಟೆಂಟ್ ತೆಗೆದುಕೊಳ್ಳಲಿಲ್ಲ, ಬೇರೆಯವರು ಮಾಡಿ ಮಾರಿದರು. ನಮ್ಮ ಸೈಕಲ್ ಅಂಗಡಿಯವರು ಫುಟ್‌ಬಾಲ್‌ಗೆ ಗಾಳಿ ಹೊಡೆಯುವಾಗಲೆಲ್ಲ ನನಗೆ ರೆಬೆಕ್ಕಾ ನೆನಪಾಗುತ್ತಾಳೆ.

ರಗ್ಬಿ ವಿಶ್ವಕಪ್‌ಗೆ ಹೆಸರು ವಿಲಿಯಂ ವೆಬ್ ಎಲ್ಲಿಸ್ ಅನ್ನುವವನದ್ದು. 1823ರಲ್ಲಿ ಅದೇ ಶಾಲೆಯ ಮೈದಾನದಲ್ಲಿ ಫುಟ್‌ಬಾಲ್ ಆಡುತ್ತಾ ಇದ್ದ ಹುಡುಗ ಚೆಂಡನ್ನು ಕೈಯಲ್ಲಿ ಎತ್ತಿಕೊಂಡು ಓಡಿದ, ಆಟ ಹುಟ್ಟಿತು, ಹೀಗೆ ಕಥೆ. ನೋಡಿದ್ದೇನೆ ಅಂತ ಹೇಳಿದವರು ಯಾರೂ ಇಲ್ಲ. ಎಲ್ಲಿಸ್ ದೊಡ್ಡವನಾಗಿ ಪಾದ್ರಿಯಾದ, 1872ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡ, ತನ್ನ ಹೆಸರಿನ ಈ ಕಥೆ ಅವನಿಗೇ ಗೊತ್ತಿರಲಿಲ್ಲ. ಕಥೆ ಚೆನ್ನಾಗಿದೆ, ಇರಲಿ. ಆದರೆ ಕಪ್ಪಿಗೆ ಹೆಸರಿಡುವ ಕೆಲಸ ನನ್ನ ಕೈಯಲ್ಲಿದ್ದರೆ ನಾನು ರೆಬೆಕ್ಕಾ ಲಿಂಡನ್ ಹೆಸರು ಇಡುತ್ತಿದ್ದೆ.

ಈಗ ಸೆವೆನ್ಸ್. ನಮ್ಮ ಕಾಸರಗೋಡಿನಲ್ಲಿ ಸೆವೆನ್ಸ್ ಅಂದರೆ ಫುಟ್‌ಬಾಲ್. ತೃಕ್ಕರಿಪುರದಿಂದ ಉಪ್ಪಳದವರೆಗೆ ಕೊಯ್ಲು ಮುಗಿದ ಗದ್ದೆಯಲ್ಲಿ ಸುಣ್ಣದ ಗೆರೆ ಎಳೆದು, ಬಿದಿರಿನ ಕಂಬಕ್ಕೆ ಲೈಟು ಕಟ್ಟಿ ಆಡುತ್ತೇವೆ. ಏಳೇ ಜನ ಯಾಕೆ? ಗದ್ದೆ ಸಣ್ಣದು, ಹುಡುಗರು ಕಡಿಮೆ, ಒಂದೇ ರಾತ್ರಿಯಲ್ಲಿ ಜಾಸ್ತಿ ಮ್ಯಾಚ್ ಮುಗಿಯಬೇಕು. ಏಳು ಜನರ ರಗ್ಬಿ ಹುಟ್ಟಿದ್ದು ಇದೇ ಕಾರಣಕ್ಕೆ, ಅದೂ ಒಂದು ಗಡಿನಾಡಿನಲ್ಲಿ. ಇಂಗ್ಲೆಂಡಿಗೂ ಸ್ಕಾಟ್ಲೆಂಡಿಗೂ ನಡುವಿನ ಆ ಪ್ರದೇಶದ ಹೆಸರೇ ಬಾರ್ಡರ್ಸ್. ಟ್ವೀಡ್ ಹೊಳೆ, ಉಣ್ಣೆ ಮಿಲ್ಲುಗಳು, ಸಣ್ಣ ಸಣ್ಣ ಪೇಟೆಗಳು. ಅದರಲ್ಲಿ ಮೆಲ್ರೋಸ್ ಒಂದು. 1883ರಲ್ಲಿ ಅಲ್ಲಿನ ಕ್ಲಬ್ಬಿನಲ್ಲಿ ದುಡ್ಡಿರಲಿಲ್ಲ. ಮಾಂಸದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ನೆಡ್ ಹೇಗ್ ಅನ್ನುವ ಹುಡುಗ, ಒಂದು ಟೂರ್ನಮೆಂಟ್ ಇಡೋಣ, ಟಿಕೆಟ್ ದುಡ್ಡು ಬರುತ್ತದೆ ಅಂದ. ಹದಿನೈದು ಹದಿನೈದು ಜನರ ಆಟ ಒಂದು ಮಧ್ಯಾಹ್ನದಲ್ಲಿ ಹೇಗೆ ಮುಗಿಯುತ್ತದೆ? ಏಳು ಜನ ಸಾಕು, 15 ನಿಮಿಷ ಸಾಕು ಅಂತ ತೀರ್ಮಾನ ಆಯಿತು. ಅವನ ಧಣಿ ಡೇವಿಡ್ ಸ್ಯಾಂಡರ್ಸನ್ ಕೂಡ ಅದೇ ಟೀಮಿನವನು. ಊರಿನ ಹೆಂಗಸರು ಕಪ್ ಕೊಟ್ಟರು. ಏಪ್ರಿಲ್ 28ಕ್ಕೆ ಆಟ. ಫೈನಲ್‌ನಲ್ಲಿ ಮೆಲ್ರೋಸಿಗೂ ಪಕ್ಕದ ಪೇಟೆ ಗಾಲಾಗೂ ಸಮ ಆಯಿತು, ಹೆಚ್ಚಿನ ಸಮಯ ಕೊಟ್ಟರು, ಮೆಲ್ರೋಸ್ ಒಂದು ಟ್ರೈ ಹೊಡೆದದ್ದೇ ಆಟ ನಿಲ್ಲಿಸಿ, ನಾವೇ ಗೆದ್ದೆವು ಅಂತ ಮೈದಾನದಿಂದ ಹೊರಗೆ ನಡೆದೇಬಿಟ್ಟರು. ಗಾಲಾದವರು ಗಲಾಟೆ ಮಾಡಿದರು. ನಮ್ಮಲ್ಲಿ ಇಂಥದ್ದು ಎಷ್ಟು ನೋಡಿಲ್ಲ, ಅಲ್ವಾ?

ಅದೇ ಗಡಿನಾಡಿನ ಇನ್ನೊಂದು ಪೇಟೆ ಹಾವಿಕ್. ಅಲ್ಲಿನ ಬಿಲ್ ಮೆಕ್‌ಲಾರೆನ್ ಎರಡನೇ ಮಹಾಯುದ್ಧದಲ್ಲಿ ಹೋರಾಡಿ ಬಂದವರು, ಸ್ಕಾಟ್ಲೆಂಡ್ ಟೀಮಿಗೆ ಇನ್ನೇನು ಸೇರಬೇಕು ಅನ್ನುವಾಗ ಕ್ಷಯ ಬಂತು. ಆಟ ಮುಗಿಯಿತು. ಆಸ್ಪತ್ರೆಯಲ್ಲಿ ಮಲಗಿದ್ದಾಗ ಅಲ್ಲಿನ ರೇಡಿಯೋದಲ್ಲಿ ರೋಗಿಗಳ ಟೇಬಲ್ ಟೆನಿಸ್‌ಗೆ ಕಾಮೆಂಟರಿ ಹೇಳಲು ಶುರು ಮಾಡಿದರು. ಆಮೇಲೆ 2002ರವರೆಗೆ ಬಿಬಿಸಿಯಲ್ಲಿ ರಗ್ಬಿಯ ದನಿ ಅಂದರೆ ಅವರದ್ದೇ. ಅಷ್ಟು ಹೆಸರು ಬಂದರೂ ಊರು ಬಿಡಲಿಲ್ಲ, ಶಾಲೆಯ ಪಿ.ಟಿ. ಮೇಷ್ಟ್ರ ಕೆಲಸವನ್ನೂ ಎಷ್ಟೋ ವರ್ಷ ಬಿಡಲಿಲ್ಲ. ಅವರ ಶಿಷ್ಯರಲ್ಲಿ ಸ್ಕಾಟ್ಲೆಂಡಿಗೆ ಆಡಿದವರೂ ಇದ್ದಾರೆ. ಜೇಬಿನಲ್ಲಿ ಊರಿನ ಪುದೀನಾ ಮಿಠಾಯಿ ಇಟ್ಟುಕೊಂಡು ಸಿಕ್ಕಿದವರಿಗೆಲ್ಲ ಹಂಚುತ್ತಿದ್ದರು.

ಮಾಂಸದ ಅಂಗಡಿ ಹುಡುಗನ ಆ ಏಳು ಜನರ ಆಟ 2016ರಲ್ಲಿ ರಿಯೋ ಒಲಿಂಪಿಕ್ಸ್‌ಗೆ ಹೋಯಿತು. ಅಲ್ಲಿ ಫಿಜಿ ಬ್ರಿಟನ್ ತಂಡವನ್ನು 43-7ರಲ್ಲಿ ಸೋಲಿಸಿತು. ಆ ದೇಶಕ್ಕೆ ಅದು ಮೊದಲ ಒಲಿಂಪಿಕ್ ಪದಕ, ಅದೂ ಚಿನ್ನ. ಕೋಚ್ ಬೆನ್ ರಯಾನ್ ಇಂಗ್ಲೆಂಡಿನವರು, 2013ರಲ್ಲಿ ಅಲ್ಲಿಗೆ ಹೋದಾಗ ಮೊದಲ ಕೆಲವು ತಿಂಗಳು ಸಂಬಳವೇ ಬಂದಿರಲಿಲ್ಲ, ಅಷ್ಟು ಬಡ ಸಂಸ್ಥೆ. ಗೆದ್ದ ಮೇಲೆ ಫಿಜಿ ಸರಕಾರ 7 ಡಾಲರ್ ನೋಟು ಮುದ್ರಿಸಿತು. ನಾನು ಫಿಜಿ ಆಟಗಾರರನ್ನು ದುಬೈಯಲ್ಲಿ ಹತ್ತಿರದಿಂದ ನೋಡಿದ್ದೇನೆ. ಮ್ಯಾಚ್ ಮುಗಿದದ್ದೇ ದುಂಡಗೆ ನಿಂತು, ಹೆಗಲ ಮೇಲೆ ಕೈ ಹಾಕಿಕೊಂಡು ದೇವರ ಹಾಡು ಹೇಳುತ್ತಾರೆ. ಬೆವರು, ಹುಲ್ಲು, ಮೊಣಕಾಲಲ್ಲಿ ರಕ್ತ, ಬಾಯಲ್ಲಿ ನಾಲ್ಕು ದನಿಯ ಹಾಡು. ನಾನು ಕುರ್ಚಿ ಹೊತ್ತುಕೊಂಡು ಹೋಗುತ್ತಿದ್ದವನು ಅಲ್ಲೇ ನಿಂತುಬಿಟ್ಟೆ. ಫಿಜಿಯಲ್ಲಿ ನಮ್ಮವರೂ ಇದ್ದಾರೆ, ಗಿರ್ಮಿಟ್ ಕೂಲಿಗಳಾಗಿ, ಅಂದರೆ ಕರಾರಿಗೆ ಹೆಬ್ಬೆಟ್ಟು ಒತ್ತಿ ಕೂಲಿಗೆ, ಹೋದವರ ಮಕ್ಕಳು, ಮೊಮ್ಮಕ್ಕಳು. 1903ರಿಂದ ಮದ್ರಾಸ್ ಬಂದರಿನಿಂದಲೂ ಹಡಗು ಹೊರಟಿತ್ತು. ನಮ್ಮ ಕಾಸರಗೋಡೂ ಆಗ ಮದ್ರಾಸ್ ಪ್ರಾಂತ್ಯದ್ದೇ.

ಈಗ ಕೂಲಿಯ ಮಾತು. ಇದು ನನಗೆ ಎಲ್ಲಕ್ಕಿಂತ ಮುಖ್ಯ.

1890ರ ಹೊತ್ತಿಗೆ ಉತ್ತರ ಇಂಗ್ಲೆಂಡಿನಲ್ಲಿ ರಗ್ಬಿ ಆಡುತ್ತಿದ್ದವರು ಗಣಿ ಕೆಲಸದವರು, ಬಟ್ಟೆ ಮಿಲ್ಲಿನವರು. ಶನಿವಾರವೂ ಕೆಲಸ. ಮ್ಯಾಚಿಗೆ ಹೋದರೆ ಆ ಹೊತ್ತಿನ ಕೂಲಿ ಹೋಯಿತು. ಟಿಕೆಟ್ ಕೊಟ್ಟು ಸಾವಿರಾರು ಜನ ನೋಡಲು ಬರುತ್ತಾರೆ, ಕ್ಲಬ್ಬಿಗೆ ದುಡ್ಡು ಬರುತ್ತದೆ, ಆಡುವವನ ಮನೆಯಲ್ಲಿ ಮಾತ್ರ ಆ ವಾರ ಕಡಿಮೆ. ಸಂಬಳ ಬೇಡ, ತಪ್ಪಿದ ಕೂಲಿಯನ್ನಾದರೂ ಕೊಡಿ ಅಂತ ಉತ್ತರದ ಕ್ಲಬ್ಬುಗಳು ಕೇಳಿದವು. ಲಂಡನ್ ಕಡೆಯ ದೊಡ್ಡವರು ಆಗದು ಅಂದರು. ಅವರ ಪ್ರಕಾರ ದುಡ್ಡು ಮುಟ್ಟಿದರೆ ಆಟ ಮೈಲಿಗೆ. ಅವರಲ್ಲಿ ಎಷ್ಟೋ ಜನಕ್ಕೆ ಶನಿವಾರ ದುಡಿಯುವ ಅಗತ್ಯವೇ ಇರಲಿಲ್ಲ. ಕಡೆಗೆ 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಪೇಟೆಯ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿ ಉತ್ತರದ ಕ್ಲಬ್ಬುಗಳು ಹೊರಗೆ ನಡೆದವು. ದಿನಕ್ಕೆ 6 ಶಿಲಿಂಗ್ ತಪ್ಪಿದ ಕೂಲಿ ಕೊಡುವುದು ಅಂತ ಆಯಿತು. ಅಲ್ಲಿಂದ ಎರಡು ರಗ್ಬಿ, ಒಂದು ಯೂನಿಯನ್, ಒಂದು ಲೀಗ್. ಲೀಗ್ ಸೇರಿ ದುಡ್ಡು ತೆಗೆದುಕೊಂಡವನಿಗೆ ಯೂನಿಯನ್ ಮೈದಾನದಲ್ಲಿ ಮತ್ತೆ ಆಡಲು ಬಿಡುತ್ತಿರಲಿಲ್ಲ. ವೇಲ್ಸ್‌ನ ಗಣಿ ಹಳ್ಳಿಗಳಿಂದ ಎಷ್ಟೋ ಹುಡುಗರು ಹೊಟ್ಟೆಪಾಡಿಗೆ ಉತ್ತರಕ್ಕೆ ಹೋಗಿ ಊರಿನ ಟೀಮಿಗೆ ಹೊರಗಿನವರಾದರು. ಯೂನಿಯನ್‌ನವರು ಆಟಗಾರರಿಗೆ ದುಡ್ಡು ಕೊಡಬಹುದು ಅಂತ ಒಪ್ಪಿದ್ದು 1995ರ ಆಗಸ್ಟಿನಲ್ಲಿ. ಸರಿಯಾಗಿ 100 ವರ್ಷ ಬೇಕಾಯಿತು.

ನನ್ನ ಅಣ್ಣನನ್ನು ನಿಮ್ಮಲ್ಲಿ ತುಂಬಾ ಜನ ಆಡುವಾಗ ನೋಡಿದ್ದೀರಿ. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವುದು, ಆಮೇಲೆ ಕೊಯ್ಲು, ಮರ ಹತ್ತುವ ಕೆಲಸ. ಸಂಜೆ ಇಳಿದು ಬಂದು ರಾತ್ರಿ ಕಬಡ್ಡಿ. ದೂರದ ಟೂರ್ನಮೆಂಟ್ ಅಂದರೆ ಮಾರನೆ ದಿನದ ಕೂಲಿ ಇಲ್ಲ, ಅಮ್ಮ ಏನೂ ಹೇಳದೆ ಗಂಜಿ ಬಡಿಸುತ್ತಿದ್ದಳು. ಒಂದು ರಾತ್ರಿ ಒಂದು ಟೂರ್ನಮೆಂಟಿನಲ್ಲಿ ರೈಡ್ ಹೋದವನು ಮೊಣಕಾಲು ತಿರುಚಿ ಬಿದ್ದ. ಸಾವಿರ ಜನ ನೋಡುತ್ತಿದ್ದರು. ಸಂಘಟಕರು ಒಂದು ಜೀಪು ಮಾಡಿ ಕಳಿಸಿದರು, ಅಷ್ಟೇ. ಆಸ್ಪತ್ರೆ ಖರ್ಚು ನಮ್ಮದು, ಎಂಟು ತಿಂಗಳ ಕೂಲಿ ನಮ್ಮದು. ಆ ಮೇಲೆ ಅವನು ಮರ ಹತ್ತಲಿಲ್ಲ. ಆ ಸಾಲ ತೀರಿಸಲಿಕ್ಕೇ ನಾನು ಗಲ್ಫಿಗೆ ಹೋದದ್ದು. ಹಾಗಾಗಿ ಹಡರ್ಸ್‌ಫೀಲ್ಡಿನ ಸಭೆಯ ಕಥೆ ಓದಿದಾಗ ನನಗೆ ಅದು ಪರದೇಶದ ಇತಿಹಾಸ ಅನ್ನಿಸಲಿಲ್ಲ. 6 ಶಿಲಿಂಗ್ ಅಂದರೆ ಎಷ್ಟು ಅಂತ ನನಗೆ ಅರ್ಥ ಆಗಿತ್ತು.

ದಕ್ಷಿಣ ಆಫ್ರಿಕಾದ 1995ರ ವಿಶ್ವಕಪ್ ಕಥೆ ನಿಮಗೆ ಗೊತ್ತಿರಬಹುದು. ಮಂಡೇಲಾ 6ನೇ ನಂಬರಿನ ಜರ್ಸಿ ಹಾಕಿ ಬಂದು ಕ್ಯಾಪ್ಟನ್ ಪಿಯೆನಾರ್‌ಗೆ ಕಪ್ ಕೊಟ್ಟದ್ದು. ಆ ಜರ್ಸಿ ಬಿಳಿಯರ ಆಳ್ವಿಕೆಯ ಗುರುತು ಅಂತ ಕಪ್ಪು ಜನ ಅದನ್ನು ಅದುವರೆಗೆ ದ್ವೇಷಿಸುತ್ತಿದ್ದರು, ಎದುರಿನ ದೇಶ ಗೆಲ್ಲಲಿ ಅಂತ ಕೂಗುತ್ತಿದ್ದರು. ಅದು ದೊಡ್ಡ ಕಥೆ, ನಿಜ. ಆದರೆ ಆ ಟೀಮಿನಲ್ಲಿ ಬಿಳಿಯನಲ್ಲದ ಆಟಗಾರ ಒಬ್ಬನೇ, ಚೆಸ್ಟರ್ ವಿಲಿಯಮ್ಸ್. ಅದೇ 6ನೇ ನಂಬರ್ ಹಾಕಿ ಕಪ್ಪು ಕ್ಯಾಪ್ಟನ್ ಕಪ್ ಎತ್ತಲು ಇನ್ನೂ 24 ವರ್ಷ ಬೇಕಾಯಿತು. ಸಿಯಾ ಕೊಲಿಸಿ. ಜ್ವಿಡೆ ಅನ್ನುವ ಬಡ ಬಡಾವಣೆಯ ಹುಡುಗ. ಆಟದ ಸಾಮಾನು ಇಲ್ಲದೆ ಒಂದು ಇಟ್ಟಿಗೆಯನ್ನೇ ಕಾರು ಅಂತ ತಳ್ಳಿ ಆಡುತ್ತಿದ್ದ. ಸಾಕಿದ್ದು ಅಜ್ಜಿ, ತಾನು ತಿನ್ನದೆ ಇವನಿಗೆ ಕೊಟ್ಟವಳು. ಮೊದಲ ಆಯ್ಕೆ ಟ್ರಯಲ್‌ಗೆ ಹೋಗುವಾಗ ಆಟದ ಚಡ್ಡಿ ಇರಲಿಲ್ಲ, ಒಳಚಡ್ಡಿಯಲ್ಲೇ ಆಡಿದ. ಅವನನ್ನು ಕಂಡು ಹಿಡಿದವರು ಎರಿಕ್ ಸೊಂಗ್ವಿಕಿ ಅನ್ನುವ ಶಾಲೆ ಮೇಷ್ಟ್ರು, ಆಫ್ರಿಕನ್ ಬಾಂಬರ್ಸ್ ಅನ್ನುವ ಅಲ್ಲಿನದೇ ಕ್ಲಬ್ಬಿನಲ್ಲಿ ಕಲಿಸಿದವರು. ಅಲ್ಲಿಂದ ದೊಡ್ಡ ಶಾಲೆಯ ಸ್ಕಾಲರ್‌ಶಿಪ್. 2007ರ ವಿಶ್ವಕಪ್ ಫೈನಲ್ ನೋಡಲು ಮನೆಯಲ್ಲಿ ಟಿವಿ ಇಲ್ಲದೆ ಹೆಂಡದಂಗಡಿಗೆ ಹೋದ ಹುಡುಗ 2019ರಲ್ಲಿ ಯೊಕೊಹಾಮಾದಲ್ಲಿ ಕಪ್ ಎತ್ತಿದ, 2023ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೊಮ್ಮೆ. ಅಜ್ಜಿ ಅಷ್ಟರಲ್ಲಿ ಇರಲಿಲ್ಲ. ಅಪ್ಪ ಮೊದಲ ಸಲ ವಿದೇಶಕ್ಕೆ ವಿಮಾನ ಹತ್ತಿ ಹೋಗಿ 2019ರ ಫೈನಲ್ ನೋಡಿದರು.

ಜಪಾನಿನಲ್ಲಿ ಕಮೈಶಿ ಅಂತ ಸಮುದ್ರದ ದಡದ ಉಕ್ಕಿನ ಪೇಟೆ ಇದೆ. ಅಲ್ಲಿನ ಕಾರ್ಖಾನೆ ಕೆಲಸಗಾರರ ಟೀಮು 1979ರಿಂದ 1985ರವರೆಗೆ ಸತತ 7 ವರ್ಷ ಜಪಾನ್ ಚಾಂಪಿಯನ್. 2011ರ ಮಾರ್ಚ್ 11ರಂದು ಸುನಾಮಿ ಬಂತು. ಆ ಪೇಟೆಯಲ್ಲಿ ಸಾವಿರಕ್ಕಿಂತ ಜಾಸ್ತಿ ಜನ ಹೋದರು. ಉನೊಸುಮೈ ಅನ್ನುವ ಕಡೆ ಎರಡು ಶಾಲೆ ಅಕ್ಕಪಕ್ಕ ಇದ್ದವು. ದೊಡ್ಡ ಶಾಲೆಯ ಮಕ್ಕಳು ಸಣ್ಣ ಶಾಲೆಯ ಮಕ್ಕಳ ಕೈ ಹಿಡಿದುಕೊಂಡು ಗುಡ್ಡಕ್ಕೆ ಓಡಿದರು, ಓಡಿದ ಮಕ್ಕಳು ಉಳಿದರು. ಶಾಲೆಗಳು ಕೊಚ್ಚಿಹೋದವು. ಅಲ್ಲಿ ಆಡುತ್ತಿದ್ದ ಆಸ್ಟ್ರೇಲಿಯದ ಸ್ಕಾಟ್ ಫಾರ್ಡಿಗೆ ಅವನ ದೇಶದವರು, ಬಾ, ಇಲ್ಲಿಂದ ಕರೆದುಕೊಂಡು ಹೋಗುತ್ತೇವೆ ಅಂದರು. ಅವನು ಹೋಗಲಿಲ್ಲ, ಟೀಮಿನವರ ಜೊತೆ ನಿಂತು ಮುದುಕರನ್ನು ಹೊತ್ತ, ಸಾಮಾನು ಹಂಚಿದ. 2019ರ ವಿಶ್ವಕಪ್‌ಗೆ ಆ ಎರಡು ಶಾಲೆ ಇದ್ದ ಜಾಗದಲ್ಲೇ ಸ್ಟೇಡಿಯಂ ಕಟ್ಟಿದರು. ಮೊದಲ ಮ್ಯಾಚಿನಲ್ಲಿ ಉರುಗ್ವೆ ಫಿಜಿಯನ್ನು ಸೋಲಿಸಿತು. ಎರಡನೇ ಮ್ಯಾಚ್ ಚಂಡಮಾರುತದಿಂದ ರದ್ದಾಯಿತು. ಆಡಲು ಬಂದಿದ್ದ ಕೆನಡಾ ಟೀಮು ಸಲಿಕೆ ಹಿಡಿದು ಊರಿನ ಬೀದಿಗಳ ಕೆಸರು ತೆಗೆಯಿತು. ನಮ್ಮ ಹುಡುಗರು 2018ರ ನೆರೆ ಸಮಯದಲ್ಲಿ ಲಾರಿಯಲ್ಲಿ ಅಕ್ಕಿ ಮೂಟೆ ತುಂಬಿ ಹೊರಟದ್ದು ನೆನಪಿದೆಯಾ? ಹಾಗೆ.

ರೆಫ್ರಿಗಳ ಬಗ್ಗೆ ಯಾರೂ ಭಾಷಣ ಮಾಡುವುದಿಲ್ಲ. ನಾನು ಒಬ್ಬರ ಬಗ್ಗೆ ಹೇಳುತ್ತೇನೆ. ವೇಲ್ಸ್‌ನ ಒಂದು ಸಣ್ಣ ಹಳ್ಳಿಯ ನೈಜಲ್ ಓವೆನ್ಸ್, ವೆಲ್ಷ್ ಭಾಷೆ ಆಡುವ ಮನೆಯವರು. ಶಾಲೆ ಟೀಮಿನಲ್ಲಿ ಆಡುತ್ತಿದ್ದಾಗ, ಗೆಲ್ಲಬೇಕಾದ ಮ್ಯಾಚಿನಲ್ಲಿ ಕಂಬದ ಎದುರಿನಿಂದಲೇ ಒದೆದ ಚೆಂಡು ತಪ್ಪಿತು. ಮೇಷ್ಟ್ರು, "ನೀನು ರೆಫ್ರಿ ಆಗಬಾರದಾ?" ಅಂದರಂತೆ. ಆದರು. ಹೊಲದ ಕೆಲಸ, ಶಾಲೆಯಲ್ಲಿ ಟೆಕ್ನಿಷಿಯನ್ ಕೆಲಸ ಮಾಡುತ್ತಾ ಹಳ್ಳಿ ಮ್ಯಾಚುಗಳಿಗೆ ಸೀಟಿ ಊದಿದರು. ತಾನು ಸಲಿಂಗಿ ಅಂತ ಯಾರಿಗೂ ಹೇಳಲಾಗದೆ, 24ನೇ ವಯಸ್ಸಿನಲ್ಲಿ ಜೀವ ಕಳೆದುಕೊಳ್ಳಲು ಹೊರಟು ಉಳಿದವರು. 2007ರಲ್ಲಿ ಎಲ್ಲರೆದುರು ಹೇಳಿಕೊಂಡರು. 2015ರ ವಿಶ್ವಕಪ್ ಫೈನಲ್‌ಗೆ ರೆಫ್ರಿ ಅವರೇ. ನಮ್ಮ ಮನೆಗಳಲ್ಲೂ ಹೇಳಿಕೊಳ್ಳಲಾಗದೆ ಒಳಗೇ ಬೇಯುವ ಮಕ್ಕಳಿದ್ದಾರೆ. ಅವರ ಮಾತು ಕೇಳಿಸಿಕೊಳ್ಳಿ, ದಯವಿಟ್ಟು.

ಹೆಣ್ಣುಮಕ್ಕಳ ಕಥೆಗೆ ಬರುತ್ತೇನೆ. ಐರ್ಲೆಂಡಿನ ಎಮಿಲಿ ವ್ಯಾಲೆಂಟೈನ್ 1887ರ ಸುಮಾರಿಗೆ, ಹತ್ತು ವರ್ಷದ ಹುಡುಗಿ, ಅಣ್ಣಂದಿರ ಶಾಲೆ ಟೀಮಿಗೆ ಒಬ್ಬ ಕಡಿಮೆ ಬಿದ್ದಾಗ ಕೋಟು ಬಿಚ್ಚಿಟ್ಟು ಆಡಿದಳು, ಟ್ರೈ ಕೂಡ ಹೊಡೆದಳು. ಅವಳೇ ಬರೆದಿಟ್ಟಿದ್ದಾಳೆ. ಹೆಂಗಸರ ಮೊದಲ ವಿಶ್ವಕಪ್ ಆಗಲು 1991 ಬರಬೇಕಾಯಿತು. ಅದನ್ನು ನಡೆಸಿದ್ದು ಲಂಡನ್‌ನ ರಿಚ್ಮಂಡ್ ಕ್ಲಬ್ಬಿನ ನಾಲ್ವರು ಹೆಂಗಸರು. ಡೆಬೊರಾ ಗ್ರಿಫಿನ್, ಸ್ಯೂ ಡೊರಿಂಗ್ಟನ್, ಆಲಿಸ್ ಕೂಪರ್, ಮೇರಿ ಫೋರ್ಸಿತ್. ಆಗಿನ ಅಂತರರಾಷ್ಟ್ರೀಯ ಸಂಸ್ಥೆ ಅದನ್ನು ಮಾನ್ಯ ಮಾಡಲಿಲ್ಲ. 12 ದೇಶ ವೇಲ್ಸ್‌ಗೆ ಬಂದವು. ಸೋವಿಯತ್ ಟೀಮಿನ ಕೈಯಲ್ಲಿ ದುಡ್ಡೇ ಇರಲಿಲ್ಲ, ಮಾರಿ ಖರ್ಚು ತೂಗಿಸೋಣ ಅಂತ ವೋಡ್ಕಾ, ಮೀನಿನ ಮೊಟ್ಟೆ, ಗೊಂಬೆ ಕಟ್ಟಿಕೊಂಡು ಬಂದಿದ್ದರು. ಕಸ್ಟಮ್ಸ್‌ನವರು ಹಿಡಿದರು. ಕೊನೆಗೆ ಅಲ್ಲಿನ ಜನ ಊಟ, ದುಡ್ಡು ಕೊಟ್ಟರು. ಡೊರಿಂಗ್ಟನ್ ವ್ಯವಸ್ಥೆಯೂ ನೋಡಿದಳು, ಇಂಗ್ಲೆಂಡ್ ಪರ ಫೈನಲ್ಲೂ ಆಡಿದಳು. ಅಮೆರಿಕ ಗೆದ್ದಿತು. 2025ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡ್ ಮತ್ತು ಕೆನಡಾದ ಹೆಂಗಸರು ಲಂಡನ್‌ನಲ್ಲಿ ಫೈನಲ್ ಆಡಿದಾಗ ನೋಡಿದವರು 81,885 ಜನ. ಕೆನಡಾ ಟೀಮು ತಯಾರಿಗೆ ದುಡ್ಡು ಸಾಲದೆ ಜನರಲ್ಲಿ ಚಂದಾ ಎತ್ತಿತ್ತು. ಆ ವರ್ಷ ಇಂಗ್ಲೆಂಡ್ ರಗ್ಬಿ ಸಂಸ್ಥೆಗೆ ಮೊದಲ ಮಹಿಳಾ ಅಧ್ಯಕ್ಷೆ ಬಂದರು. ಯಾರು? ಅದೇ ಡೆಬೊರಾ ಗ್ರಿಫಿನ್.

ಈ ಆಟ ಕೊಡುವ ನೋವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. 2003ರಲ್ಲಿ ಇಂಗ್ಲೆಂಡ್ ವಿಶ್ವಕಪ್ ಗೆದ್ದಾಗ ಸ್ಕ್ರಮ್‌ನ, ಅಂದರೆ ಎರಡೂ ಟೀಮಿನವರು ತಲೆ ಬಗ್ಗಿಸಿ ಹೆಗಲು ಕೊಟ್ಟು ಒಬ್ಬರನ್ನೊಬ್ಬರು ತಳ್ಳುವ ಗುಂಪಿನ, ನಡುವೆ ಇದ್ದವನು ಸ್ಟೀವ್ ಥಾಂಪ್ಸನ್. 42ನೇ ವಯಸ್ಸಿನಲ್ಲಿ ಮರೆವಿನ ಕಾಯಿಲೆ ಅಂತ ಗೊತ್ತಾಯಿತು. ತಲೆಗೆ ಮತ್ತೆ ಮತ್ತೆ ಬಿದ್ದ ಪೆಟ್ಟು. ತಾನು ಕಪ್ ಗೆದ್ದದ್ದೇ ಅವನಿಗೆ ನೆನಪಿಲ್ಲ. ವಿಡಿಯೋ ಹಾಕಿದರೆ ಯಾರೋ ಬೇರೆಯವರ ಆಟ ನೋಡಿದ ಹಾಗೆ. ಎಷ್ಟೋ ಮಾಜಿ ಆಟಗಾರರು ಸಂಸ್ಥೆಗಳ ಮೇಲೆ ಕೇಸು ಹಾಕಿದ್ದಾರೆ. ಮಕ್ಕಳೇ, ಕಬಡ್ಡಿಯಲ್ಲಾಗಲಿ ಫುಟ್‌ಬಾಲ್‌ನಲ್ಲಾಗಲಿ ತಲೆಗೆ ಪೆಟ್ಟು ಬಿದ್ದು ಮಂಪರು ಬಂದರೆ ನೀರು ಚಿಮುಕಿಸಿಕೊಂಡು ಮತ್ತೆ ಇಳಿಯಬೇಡಿ. ಆ ದಿನ ಆಟ ಮುಗಿಯಿತು. ಕ್ಲಬ್ಬಿನ ಹಿರಿಯರು ಇದನ್ನು ಗೋಡೆ ಮೇಲೆ ಬರೆಸಿ.

ಇನ್ನೊಂದು ಕಾಯಿಲೆ ಕಥೆ. ಲೀಡ್ಸ್‌ನ ರಾಬ್ ಬರೋ, ಲೀಗ್ ಆಟಗಾರ, ಟೀಮಿನಲ್ಲೆಲ್ಲ ಕುಳ್ಳ, ಐದು ಅಡಿ ಐದು ಇಂಚು. ನರಗಳ ಕಾಯಿಲೆ ಬಂದು ಕೈಕಾಲು, ಮಾತು ಎಲ್ಲ ನಿಂತಿತು. ಗೆಳೆಯ ಕೆವಿನ್ ಸಿನ್‌ಫೀಲ್ಡ್ ದುಡ್ಡು ಸೇರಿಸಲು 7 ದಿನದಲ್ಲಿ 7 ಮ್ಯಾರಥಾನ್ ಓಡಿದ. 2023ರ ಮೇ ತಿಂಗಳಲ್ಲಿ ಗೆಳೆಯನನ್ನು ಗಾಲಿ ಕುರ್ಚಿಯಲ್ಲಿ ಕೂರಿಸಿ ಇಡೀ ಮ್ಯಾರಥಾನ್ ತಳ್ಳಿದ. ಗೆರೆಗೆ ಕೆಲವು ಹೆಜ್ಜೆ ಇರುವಾಗ ಕುರ್ಚಿ ನಿಲ್ಲಿಸಿ, ಮಗುವನ್ನು ಎತ್ತುವ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಗೆರೆ ದಾಟಿದ. ಬರೋ 2024ರ ಜೂನಿನಲ್ಲಿ ತೀರಿಕೊಂಡ, 41 ವರ್ಷ. ಆ ವಿಡಿಯೋ ನಿಮ್ಮ ಮೊಬೈಲಿನಲ್ಲೂ ಸಿಗುತ್ತದೆ.

ನಮ್ಮ ದೇಶ? ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ 1879ರಿಂದ ಆಡುವ ಕಪ್ಪಿನ ಹೆಸರು ಕಲ್ಕತ್ತಾ ಕಪ್. ಕಲ್ಕತ್ತಾದ ಬಿಳಿಯರ ಕ್ಲಬ್ ಮುಚ್ಚಿದಾಗ ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿ ಕರಗಿಸಿ ಮಾಡಿದ್ದು. ಹಿಡಿಗಳು ಮೂರು ನಾಗರಹಾವು, ಮುಚ್ಚಳದ ಮೇಲೆ ಆನೆ. ಆದರೆ ನನಗೆ ಇಷ್ಟ ಇವತ್ತಿನ ಕಥೆ. ಒಡಿಶಾದ ಒಂದು ಶಾಲೆಯ ಆದಿವಾಸಿ ಹುಡುಗರು 2007ರಲ್ಲಿ ಲಂಡನ್‌ಗೆ ಹೋಗಿ ಶಾಲಾ ಟೂರ್ನಮೆಂಟ್ ಗೆದ್ದು ಬಂದರು. ಅದೇ ಶಾಲೆಯ ಸುಮಿತ್ರಾ ನಾಯಕ್ 2019ರಲ್ಲಿ ಮನಿಲಾದಲ್ಲಿ ಕೊನೆಯ ನಿಮಿಷಗಳಲ್ಲಿ ಒದೆದ ಪೆನಾಲ್ಟಿಯಿಂದ ಭಾರತದ ಹೆಂಗಸರು ಸಿಂಗಾಪುರವನ್ನು 21-19ರಲ್ಲಿ ಸೋಲಿಸಿದರು. ಹದಿನೈದು ಜನರ ಆಟದಲ್ಲಿ ಅವರ ಮೊದಲ ಗೆಲುವು. ಉತ್ತರ ಬಂಗಾಳದ ಸರಸ್ವತಿಪುರ ಅನ್ನುವ ಟೀ ತೋಟದಲ್ಲಿ 2013ರಿಂದ ಹುಡುಗಿಯರು ಆಡುತ್ತಿದ್ದಾರೆ. ಅಪ್ಪ ಅಮ್ಮ ಎಲೆ ಕೊಯ್ಯುವವರು, ಪಕ್ಕದಲ್ಲೇ ಆನೆ ಓಡಾಡುವ ಕಾಡು. ಅಲ್ಲಿಂದ ಹಲವರು ದೇಶದ ಟೀಮಿಗೆ ಆಡಿದ್ದಾರೆ. 2025ರ ಜೂನಿನಲ್ಲಿ ಮುಂಬಯಿಯಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ಶುರುವಾಯಿತು, ಏಳು ಜನರ ಆಟ, ಬೆಂಗಳೂರಿಗೂ ಒಂದು ಟೀಮು. ಟೀ ತೋಟದಲ್ಲಿ ಆದದ್ದು ಅಡಿಕೆ ತೋಟದಲ್ಲಿ ಯಾಕೆ ಆಗಬಾರದು? ನಮ್ಮ ಹುಡುಗಿಯರು ಕಬಡ್ಡಿ ಹಿಡಿತ ಬಲ್ಲವರು, ಗುಡ್ಡ ಹತ್ತಿ ಇಳಿದು ಶಾಲೆಗೆ ಹೋಗುವವರು.

ನಾನು ಸ್ಕ್ರಮ್, ಟ್ಯಾಕಲ್ ಏನೂ ಕಲಿಸುವುದಿಲ್ಲ, ಅದಕ್ಕೆ ಕಲಿತ ಕೋಚ್ ಬೇಕು. ಟಚ್ ರಗ್ಬಿ ಅಂತ ಇದೆ, ಬೀಳಿಸುವ ಬದಲು ಬರೀ ಮುಟ್ಟುವುದು. ಅಷ್ಟು ಸಾಕು. ಬರುವ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಕೆಳಗಿನ ಬೈಲಿನಲ್ಲಿ, ಕೊಯ್ಲಾದ ದೊಡ್ಡ ಗದ್ದೆ. ಹುಡುಗಿಯರು, ಹುಡುಗರು, ಹತ್ತು ವರ್ಷ ಮೇಲ್ಪಟ್ಟವರು ಬನ್ನಿ, ಬರಿಗಾಲಲ್ಲಿ ಬಂದರೂ ಆಗುತ್ತದೆ. ಅಣ್ಣ ನಿನ್ನೆ ಸಂಜೆಯೇ ಹೋಗಿ ಗದ್ದೆ ಅಳೆದು ಬಂದಿದ್ದಾನೆ, ಎರಡು ಚೀಲ ಸುಣ್ಣ ಬೇಕು ಅಂದಿದ್ದಾನೆ. ಚೆಂಡು ಈಗ ಎಲ್ಲಿಗೆ ಹೋಯಿತು? ಹಾಂ, ಕೊನೆ ಸಾಲಿನಲ್ಲಿ, ಅವನ ಕೈಯಲ್ಲೇ ಇದೆ. ಪ್ರಶ್ನೆ ಇದ್ದವರು ನನ್ನನ್ನು ಕೇಳಿ, ಚೆಂಡು ಬೇಕಾದವರು ಅವನ ಹತ್ತಿರ ಹೋಗಿ.